ಕಡ್ಡಿಯದು, ಮುಟ್ಟಬೇಡಿ

ಮಾರ್ಚ್ 3, ಸೋಮವಾರ

ಈ ಡೈರಿ ನಾನು ಕೆಲಸ ಮಾಡುವ ಗೇಮ್ ರಿಪೇರಿ ಅಂಗಡಿಯ ಯಜಮಾನರು ಕೊಟ್ಟದ್ದು. ಪೌಚ್ ಸರಬರಾಜು ಮಾಡುವವರು ಹೊಸ ವರ್ಷಕ್ಕೆ ತಂದುಕೊಟ್ಟದ್ದಂತೆ, ಎರಡು ತಿಂಗಳಿಂದ ಮೇಜಿನ ಕೆಳಗೆ ಬಿದ್ದಿತ್ತು. "ಮಾತು ಬಾಯಲ್ಲಂತೂ ಬರಲ್ಲ, ಕೈಯಲ್ಲಾದ್ರೂ ಬರುತ್ತಾ ನೋಡು" ಅಂದರು. ಐದನೇ ತರಗತಿಗೆ ಶಾಲೆ ಬಿಟ್ಟವಳು ನಾನು. ರಿಪೇರಿ ಚೀಟಿಯ ಮೇಲೆ "ಬಟನ್ ಅಂಟುತ್ತದೆ", "ಸೌಂಡ್ ಇಲ್ಲ" ಅಂತ ಬರೆದು ಬರೆದು ಕೈಗೆ ಅಷ್ಟೇ ರೂಢಿ.

ಇವತ್ತು ಬರೆಯುವುದಕ್ಕೆ ಒಂದು ವಿಷಯವಿದೆ. ಭಾವ ಫೋನ್ ಮಾಡಿದ್ದರು. ಕಡ್ಡಿಯನ್ನು ಕರೆದುಕೊಂಡು ಹೋಗುತ್ತಾರಂತೆ. ಪರೀಕ್ಷೆ ಮುಗಿದ ಮೇಲೆ, ಇಪ್ಪತ್ತೊಂಬತ್ತನೇ ತಾರೀಖು, ಶನಿವಾರದ ರೈಲಿಗೆ.

ಮೊದಲ ಪುಟ, ಎಲ್ಲ ಸರಿಯಾಗಿ ಬರೆಯಬೇಕು. ಕಡ್ಡಿ ನನ್ನ ಅಕ್ಕನ ಮಗಳು. ಒಂಬತ್ತು ವರ್ಷ. ಅಕ್ಕ ತೀರಿಕೊಂಡಾಗ ಅವಳಿಗೆ ಮೂರು, ನನಗೆ ಹದಿನೆಂಟು. ಭಾವ ಬಂದರಿನಲ್ಲಿ ಕ್ರೇನ್ ನಡೆಸುವವರು, ಆಗೆಲ್ಲ ಒಂದು ಕಡೆ ನಿಂತವರಲ್ಲ. ಹಾಗಾಗಿ ಮಗು ನನ್ನ ಹತ್ತಿರ ಉಳಿಯಿತು. ಈಗ ಅವರಿಗೆ ಒಂದೇ ಕಡೆ ಕೆಲಸ, ಅವರದೇ ಒಂದು ಮನೆ, ಹೋದ ವರ್ಷ ಮದುವೆ. ಮಗಳು ಅವರವಳು. ಕೇಳುವುದು ನ್ಯಾಯವೇ.

"ನಿಂಗೇನಾದ್ರೂ ಹೇಳೋದಿದ್ಯಾ?" ಅಂತ ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನಾನು ಇಲ್ಲ ಅಂದೆ.

ಮಾರ್ಚ್ 6, ಗುರುವಾರ

ಕಡ್ಡಿಗೆ ಹೇಳಿದೆ. ಅವಳು ಗೇಮ್ ಸೆಟ್ ಕೈಯಲ್ಲಿ ಹಿಡಿದು ದ್ವೀಪದ ಆಟ ಆಡುತ್ತಿದ್ದಳು. ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಅಲ್ಲಿ ಸಮುದ್ರ ಮನೆಯಿಂದ ಕಾಣುತ್ತಾ ಅಂತ ಕೇಳಿದಳು. ಕಾಣುತ್ತದಂತೆ ಅಂದೆ. ಆಮೇಲೆ ಪೆಟ್ಟಿಗೆಯಿಂದ, ಎರಡು ಸೆಟ್‌ಗಳನ್ನು ಜೋಡಿಸಿ ಇಬ್ಬರು ಆಡುವ ವೈರು ತೆಗೆದು ಎಳೆದು ನೋಡಿದಳು.

"ಚಿಕ್ಕಿ, ಇದು ಅಲ್ಲಿವರೆಗೂ ಬರುತ್ತಾ?"

"ಒಂದು ಮೊಳ ಇದೆ ಅಷ್ಟೆ."

"ಹಾಗಾದ್ರೆ ಮಂಚದಿಂದ ಕೆಳಗೂ ಇಳಿಯಲ್ಲ" ಅಂದಳು. ನಕ್ಕಳು. ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯಲು ಹೋದೆ. ತೊಳೆದಿದ್ದನ್ನೇ ಇನ್ನೊಮ್ಮೆ ತೊಳೆದೆ.

ಮಾರ್ಚ್ 9, ಭಾನುವಾರ

ದ್ವೀಪದ ವಿಷಯ ಬರೆದಿಡುತ್ತೇನೆ, ಮುಂದೆ ಮರೆತರೆ ಇರಲಿ.

ಮೂರು ವರ್ಷದ ಹಿಂದೆ, ಅಂಗಡಿಗೆ ಬಂದ, ಸೆಟ್‌ಗೆ ಸಿಕ್ಕಿಸುವ ಹಳೆ ಗೇಮ್ ಕ್ಯಾಸೆಟ್‌ಗಳ ಮೂಟೆಯಲ್ಲಿ ಇದೊಂದು ಇತ್ತು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಒಂದು ಮೂಲೆ ಒಡೆದಿತ್ತು, ಯಾರೂ ಕೊಳ್ಳಲ್ಲ, ಮಗುವಿಗೆ ಕೊಡು ಅಂದರು ಯಜಮಾನರು. ಮೊದಲು ಬರೀ ಮರಳು, ಒಂದು ಗುಡಿಸಲು. ಈಗ ನೂರು ಕಲ್ಲು ಸೇರಿಸಿ ಕಟ್ಟಿದ ದೀಪದ ಗೋಪುರ ಇದೆ, ಎರಡು ಸೇತುವೆ, ನಿಂಬೆ ತೋಟ. ಒಂದು ಮೇಕೆ ಇದೆ. ಗಡ್ಡ ಇರುವುದಕ್ಕೆ ಅದರ ಹೆಸರು ಮೇಷ್ಟ್ರು. ಈ ಆಟದ ವಿಶೇಷ ಅಂದರೆ, ಸೆಟ್ ಆಫ್ ಮಾಡಿದರೂ ಒಳಗೆ ಹೊತ್ತು ಹೋಗುತ್ತಲೇ ಇರುತ್ತದೆ. ಎರಡು ದಿನ ಹುಲ್ಲು ಹಾಕದಿದ್ದರೆ ಮೇಷ್ಟ್ರು ಸಾಯುವುದಿಲ್ಲ. ಬೇಲಿಯ ಹತ್ತಿರ ಹೋಗಿ ನಮಗೆ ಬೆನ್ನು ಹಾಕಿ ನಿಲ್ಲುತ್ತದೆ. ಅದಕ್ಕಿಂತ ಸತ್ತರೇ ವಾಸಿ ಅನ್ನಿಸುತ್ತದೆ ಅನ್ನುತ್ತಾಳೆ ಕಡ್ಡಿ. ಅವಳಿಗೆ ಜ್ವರ ಬಂದಾಗ ನಾನು ಹುಲ್ಲು ಹಾಕುತ್ತೇನೆ. ನನ್ನ ಬಳಿಯೂ ಎಡಗಡೆ ಬಟನ್ ಕೆಟ್ಟ ಒಂದು ಹಳೆ ಸೆಟ್ ಇದೆ. ಕ್ಯಾಸೆಟ್ ಎರಡಕ್ಕೂ ಹೊಂದುತ್ತದೆ.

ಕ್ಯಾಸೆಟ್ ಮೇಲೆ ಒಂದು ಸ್ಟಿಕರ್. ಆರನೇ ವರ್ಷದಲ್ಲಿ ಅವಳೇ ಬರೆದದ್ದು. "ಕಡ್ಡಿಯದು, ಮುಟ್ಟಬೇಡಿ."

ಇತ್ತೀಚೆಗೆ ದ್ವೀಪದ ಗಡಿಯಾರ ಹಿಂದೆ ಬೀಳುತ್ತಿದೆ. ಒಳಗಿನ ಸೆಲ್ ಸೋತಿದೆ ಅಂತ ಅರ್ಥ. ಗಡಿಯಾರ ನಡೆಸುವುದೂ ಅದೇ, ಆಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವುದೂ ಅದೇ. ಅದು ಸತ್ತರೆ ದ್ವೀಪ ಹೋಯಿತು. ಸೆಲ್ ತೆಗೆದರೂ ಹೋಯಿತು. ಮೊದಲು ಅಂಗಡಿಯ ಕಾಪಿ ಡಬ್ಬಿಗೆ ಆಟವನ್ನು ಇಳಿಸಿಕೊಂಡು, ಆಮೇಲೆ ಸೆಲ್ ಬದಲಿಸಿ, ಮತ್ತೆ ತುಂಬಬೇಕು. ಹತ್ತು ನಿಮಿಷದ ಕೆಲಸ. ಅವಳು ಹೋಗುವ ಮುಂಚೆ ಮಾಡಬೇಕು. ಅಲ್ಲಿ ಇದನ್ನು ಯಾರು ಮಾಡಿಕೊಡುತ್ತಾರೆ?

ಮಾರ್ಚ್ 14, ಶುಕ್ರವಾರ

ಈ ವಾರ ಕಡ್ಡಿಗೆ ಸಾಮಾನು ಜೋಡಿಸಿದೆ. ಗಟ್ಟಿ ಪೌಚ್, ನೀರು ತಾಗದ್ದು, ಒಳಗೆ ಕ್ಯಾಸೆಟ್‌ಗೆ ಎಂಟು ಜೇಬು. ಮಣಿಕಟ್ಟಿನ ಪಟ್ಟಿ ಉದ್ದ ಇತ್ತು, ಕತ್ತರಿಸಿ ಅವಳ ಅಳತೆಗೆ ಹೊಲಿದೆ. ಬಟನ್‌ಗಳಿಗೆ ರಬ್ಬರ್ ಟೊಪ್ಪಿ, ಹಳದಿ ಬಣ್ಣದ್ದು. ಚಾರ್ಜರ್ ಎರಡು, ಒಂದು ಕಳೆದರೆ ಇರಲಿ ಅಂತ. ಸ್ಕ್ರೀನ್ ಗಾರ್ಡ್ ಹಾಕುವಾಗ ಒಂದು ಗುಳ್ಳೆ ಉಳಿಯಿತು. ಕಿತ್ತು ಹೊಸದು ಹಾಕಿದೆ. ಅದರಲ್ಲೂ ಒಂದು. ಗಿರಾಕಿಗಳದ್ದಕ್ಕೆ ಕಣ್ಣು ಮುಚ್ಚಿ ಹಾಕುವವಳು ನಾನು. ಮೂರನೆಯದು ಸರಿಯಾಯಿತು.

ಯಜಮಾನರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಹಣೆಗೆ ಏರಿಸಿ ನೋಡಿದರು. ಆ ಮಸೂರದಿಂದಾಗಿಯೇ ಕಡ್ಡಿ ಅವರನ್ನು ಭೂತಗನ್ನಡಿ ತಾತ ಅನ್ನುತ್ತಾಳೆ. "ಏನಮ್ಮಾ ಇದು, ಅಪ್ಪನ ಮನೆಗೆ ಕಳಿಸ್ತಿದ್ದೀಯೋ ಗಂಡನ ಮನೆಗೋ?" ಅಂದರು. ನಾನು ಪಟ್ಟಿಯ ದಾರ ಕತ್ತರಿಸಿದೆ. ಅವರೇ, "ಪಟ್ಟಿ ಸ್ವಲ್ಪ ಸಡಿಲ ಬಿಡು. ಬೆಳೆಯೋ ಕೈ" ಅಂದರು.

ಬಿಚ್ಚಿ ಮತ್ತೆ ಹೊಲಿದೆ. ಬೆಳೆಯೋ ಕೈ ಅಂತ ನನಗೆ ಹೊಳೆದೇ ಇರಲಿಲ್ಲ. ಇವತ್ತಿನ ಅಳತೆಗೇ ಹೊಲಿದಿದ್ದೆ.

ಮಾರ್ಚ್ 18, ಮಂಗಳವಾರ

ಹನ್ನೆರಡು ಇರಬೇಕಿತ್ತು. ಹದಿಮೂರು ಇತ್ತು.

ಬರೆಯಲಾಗುವುದಿಲ್ಲ.

ಮಾರ್ಚ್ 19, ಬುಧವಾರ

ಬರೆಯುತ್ತೇನೆ. ನಾನು ಮಾಡಿದ್ದನ್ನು ನಾನೇ ಬರೆಯಬೇಕು.

ನಿನ್ನೆ ಬೆಳಿಗ್ಗೆ ಕಡ್ಡಿಯ ಕ್ಯಾಸೆಟ್ ಅಂಗಡಿಗೆ ತಂದೆ. ಸ್ಟಿಕರ್ ಹರಿದು ಕೊಳೆಯಾಗಿತ್ತು. ಹೊಸ ಮನೆಗೆ ಹೋಗುವ ವಸ್ತು, ಹೊಸದರ ಹಾಗೆ ಇರಲಿ ಅಂತ ಸ್ಪಿರಿಟ್ ಹಾಕಿ ಉಜ್ಜಿ ತೆಗೆದೆ. ಒಡೆದ ಮೂಲೆಗೂ ಅಂಟು ತುಂಬಿ ಸಪಾಟು ಮಾಡಿದೆ. ಆರಲಿ ಅಂತ ತಟ್ಟೆಯ ಅಂಚಿಗೆ ಇಟ್ಟೆ. ಹಿಂದಿನ ದಿನ ಬಂದ ಹಳೆ ಕ್ಯಾಸೆಟ್‌ಗಳು ಹನ್ನೆರಡು, ಅದೇ ತಟ್ಟೆಯಲ್ಲಿದ್ದವು. ಅಷ್ಟರಲ್ಲಿ ಒಬ್ಬರು ಚಾರ್ಜರ್ ಬಿಸಿಯಾಗುತ್ತದೆ ಅಂತ ಬಂದರು. ಅವರ ಹಿಂದೆ ಇನ್ನೊಬ್ಬರು. ತಿರುಗಿ ಬಂದು ಕೂತಾಗ ನನ್ನ ತಲೆಯಲ್ಲಿ ರೈಲು ಇತ್ತು. ಕಿಟಕಿ ಪಕ್ಕದ ಸೀಟು ಸಿಗುತ್ತದೋ ಇಲ್ಲವೋ ಅಂತ ಯೋಚಿಸುತ್ತಿದ್ದೆ.

ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಸ್ಕ್ರೂ ಬಿಚ್ಚು, ಕಾಯಿಸು, ಹಳೆ ಸೆಲ್ ಕೀಳು, ಹೊಸದು ಕೂರಿಸು, ಬೆಸೆ, ಮುಚ್ಚು. ಹಳೆ ಕ್ಯಾಸೆಟ್‌ಗಳಲ್ಲಿ ಯಾರದೋ ಆಟ ಉಳಿದಿರುತ್ತದೆ. ನಮ್ಮ ಅಂಗಡಿಯಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಮಾರಿದ ಮೇಲೆ ಅದು ಯಾರದೂ ಅಲ್ಲ. ಆರು ವರ್ಷದಿಂದ ಹೀಗೇ ಅಳಿಸುತ್ತ ಬಂದಿದ್ದೇನೆ, ಒಂದು ದಿನವೂ ಕೈ ತಡೆಯಲಿಲ್ಲ.

ಮುಗಿಸಿ ಎಣಿಸಿದರೆ ಹದಿಮೂರು.

ಯಾವುದು ಅಂತ ಗುರುತು ಹಿಡಿಯುವುದಕ್ಕೂ ಆಗಲಿಲ್ಲ. ಗುರುತೆಲ್ಲ ನಾನೇ ಉಜ್ಜಿ ತೆಗೆದಿದ್ದೆನಲ್ಲ. ಒಂದೊಂದೇ ಸೆಟ್‌ಗೆ ಹಾಕಿ ನೋಡಿದೆ. ಒಂಬತ್ತನೆಯದರಲ್ಲಿ ಸಮುದ್ರ ಬಂತು. ಆಮೇಲೆ, "ನಿಮ್ಮ ಹೆಸರೇನು?" ಅಂತ ಕೇಳಿತು. ಹೊಸಬರನ್ನು ಮಾತ್ರ ಅದು ಹಾಗೆ ಕೇಳುವುದು.

ಯಜಮಾನರು ಕಿತ್ತ ಸೆಲ್‌ಗಳನ್ನೆಲ್ಲ ಮಸೂರ ಹಾಕಿಕೊಂಡು ನೋಡಿದರು, ಅದರಲ್ಲಿ ಏನೂ ಇರುವುದಿಲ್ಲ ಅಂತ ಅವರಿಗೂ ಗೊತ್ತು. ಆಮೇಲೆ ಸುಮ್ಮನೆ ಟೀ ತರಿಸಿದರು.

ಕಡ್ಡಿಗೆ ಸಂಜೆ ಹೇಳಿದೆ. ಹೇಳುವುದೆಲ್ಲ ಹೇಳಿದೆನೋ ಇಲ್ಲವೋ, ಕ್ಯಾಸೆಟ್ ಮುಂದಿಟ್ಟು ನಿಂತೆ. ಅವಳು ಸೆಟ್‌ಗೆ ಹಾಕಿ ನೋಡಿದಳು. ತೆಗೆದು ಊದಿ ಮತ್ತೆ ಹಾಕಿದಳು. ಮತ್ತೆ ಊದಿದಳು. ನಾಲ್ಕು ಸಲ.

"ನಾನು ಹೋಗೋಕೆ ಮುಂಚೆನೇ ಅಳಿಸಿಬಿಟ್ಯಾ?" ಅಂದಳು.

ಬಯ್ದಿದ್ದರೆ, ಎಸೆದಿದ್ದರೆ ಚೆನ್ನಾಗಿತ್ತು.

ಮಾರ್ಚ್ 21, ಶುಕ್ರವಾರ

ಅವಳು ನನಗೆ "ಬನ್ನಿ, ಹೋಗಿ" ಅನ್ನುತ್ತಿದ್ದಾಳೆ. ಜಗಳ ಇಲ್ಲ. ಹಾಲು ಕೊಟ್ಟರೆ "ಇಡಿ, ಕುಡೀತೀನಿ." ಬಾಚಣಿಗೆ ಹಿಡಿದರೆ "ನಾನೇ ಬಾಚ್ಕೋತೀನಿ, ನೀವು ಹೊರಡಿ." ಬೇರೆಯವರ ಮನೆಗೆ ಹೋದಾಗ ಹೀಗೆ ಮಾತಾಡಬೇಕು ಅಂತ ನಾನೇ ಕಲಿಸಿದ್ದು.

ಮಾರ್ಚ್ 24, ಸೋಮವಾರ

ಇವತ್ತೂ ಬನ್ನಿ, ಹೋಗಿ.

ಶಾಲೆಯಿಂದ ಬಂದವಳು ಓದಿದ ಮೇಲೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಸೆಟ್ ಹಿಡಿದು ಕೂರುತ್ತಾಳೆ. ಸೌಂಡ್ ಆಫ್. ಯಾವ ಆಟ ಅಂತ ಕೇಳಲು ಹೋಗಿಲ್ಲ. ಕಾರು ಓಡಿಸುವುದಿರಬೇಕು. ಮೊದಲು ಅವಳೇ ಹೇಳುತ್ತಿದ್ದಳು, "ಚಿಕ್ಕಿ, ನಿನ್ನ ಮಾತು ಸೌಂಡ್ ಆಫ್ ಮಾಡಿದ ಗೇಮ್ ಥರ, ಬಾಯಿ ಅಲ್ಲಾಡುತ್ತೆ ಅಷ್ಟೆ" ಅಂತ. ಈಗ ಮನೆಯಲ್ಲಿ ಇಬ್ಬರದೂ ಹಾಗೇ.

ಅಂಗಡಿಗೆ ಒಬ್ಬ ಹೆಂಗಸು ಬಂದು, ಇದಕ್ಕೆ ಸೆಲ್ ಹಾಕಿಕೊಡಿ ಅಂತ ಕ್ಯಾಸೆಟ್ ಇಟ್ಟು ಹೊರಟರು. ಮೆಟ್ಟಿಲವರೆಗೂ ಹೋಗಿಬಿಟ್ಟಿದ್ದರು. ನಾನು ಎದ್ದು ಹೋಗಿ ನಿಲ್ಲಿಸಿ, ಇದರೊಳಗೆ ಯಾರದಾದರೂ ಆಟ ಇದೆಯಾ, ಉಳಿಸಬೇಕಾ ಅಂತ ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಮೂರು ಸಲ ಬಿಡಿಸಿ ಹೇಳಿದೆ. ಮಗನನ್ನು ಕೇಳಿ ಬರುತ್ತೇನೆ ಅಂದರು. ತಲೆ ನೋವು.

ಮಾರ್ಚ್ 29, ಶನಿವಾರ

ಹೋದಳು.

ಭಾವನ ಹೆಂಡತಿಯೂ ಬಂದಿದ್ದರು. ಕೆಟ್ಟವರಾಗಿರಲಿ ಅಂತ ಒಳಗೊಳಗೇ ಎಷ್ಟು ಆಸೆಪಟ್ಟಿದ್ದೆ. ಹಾಗಿಲ್ಲ. ಸ್ಟೇಷನ್ನಿನಲ್ಲಿ ನನ್ನ ಪಕ್ಕ ಕೂತು, ಇವಳಿಗೆ ಏನಿಷ್ಟ, ಏನಾಗಲ್ಲ, ಬರೆದುಕೊಡ್ತೀರಾ ಅಂತ ಕೇಳಿದರು. ಚೀಲದಲ್ಲಿ ರಿಪೇರಿ ಚೀಟಿಯ ಕಟ್ಟು ಇತ್ತು. ಅದರ ಮೇಲೇ ಬರೆದೆ. ಹಾಲು ತೀರಾ ಬಿಸಿ ಬೇಡ. ಬ್ರೆಡ್ಡಿನ ಅಂಚು ತಿನ್ನುವುದಿಲ್ಲ, ಬಯ್ಯಬೇಡಿ. ಗುಡುಗಿಗೆ ಹೆದರುತ್ತಾಳೆ, ಆದರೆ ಹೆದರುತ್ತೀಯಾ ಅಂತ ಕೇಳಬಾರದು, ಪಕ್ಕ ಹೋಗಿ ಕೂತರೆ ಸಾಕು. ಬರೆದು ನೋಡಿದರೆ ಚೀಟಿಯ ಮೇಲೆ ಅಚ್ಚಾಗಿದ್ದ "ದೋಷಗಳು" ಅನ್ನುವ ಜಾಗದಲ್ಲಿ ಬರೆದಿದ್ದೆ. ಅದನ್ನು ಹೊಡೆದು ಹಾಕಿ ಕೊಟ್ಟೆ.

ಪೌಚ್ ಕಡ್ಡಿಯ ಹೆಗಲಿಗೆ ಹಾಕಿದೆ. "ಥ್ಯಾಂಕ್ಸ್" ಅಂದಳು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ರೈಲು ಹೊರಟಾಗ ಅವಳು ಕೈ ಬೀಸಲಿಲ್ಲ, ನೋಡುತ್ತಲೇ ಇದ್ದಳು. ಏನೋ ಹೇಳುವವಳಂತೆ ಬಾಯಿ ತೆರೆದಳು. ಕಿಟಕಿಯ ಗಾಜು ಮುಚ್ಚಿತ್ತು. ಕೇಳಿಸಲಿಲ್ಲ.

ಮಾರ್ಚ್ 31, ಸೋಮವಾರ

ಎರಡು ತಟ್ಟೆ ಇಟ್ಟೆ.

ಏಪ್ರಿಲ್ 3, ಗುರುವಾರ

ಅಂಗಡಿಯಲ್ಲಿ ಕೆಲಸ ಜಾಸ್ತಿ. ಒಳ್ಳೆಯದೇ ಆಯಿತು. ಸೆಲ್ ಬದಲಿಸಲು ಬಂದವರನ್ನೆಲ್ಲ ಕೇಳಬೇಕಾಗುತ್ತದೆ, ಇದು ಯಾರ ಆಟ, ಎಷ್ಟು ದಿನದ್ದು, ಉಳಿಸಬೇಕಾ. ಮಾರಲು ತಂದವರನ್ನೂ ಕೇಳುತ್ತೇನೆ. ಒಬ್ಬರಂತೂ, "ನೀವು ಗೇಮ್ ಅಂಗಡಿಯವರೋ ಪೊಲೀಸರೋ?" ಅಂದರು. ಮತ್ತೆ ಕೇಳಿದೆ. ಆಮೇಲೆ ಅವರೇ ಕೂತು, ಅದು ತಮ್ಮ ಅಣ್ಣ ಆಡುತ್ತಿದ್ದದ್ದು ಅಂತ ಅರ್ಧ ಗಂಟೆ ಹೇಳಿದರು. ಮಾರಲಿಲ್ಲ, ವಾಪಸ್ ತೆಗೆದುಕೊಂಡು ಹೋದರು. ಯಜಮಾನರು, "ಹೀಗಾದ್ರೆ ಅಂಗಡಿ ಮುಚ್ಚಬೇಕಾಗುತ್ತೆ ಕಣಮ್ಮ. ನಿನ್ನ ಧ್ವನಿ ಬೀದಿಗೆ ಕೇಳುತ್ತೆ" ಅಂತ ನಕ್ಕರು. ಗಂಟಲು ನೋಯುತ್ತಿದೆ. ಬಿಸಿನೀರು ಕುಡಿದೆ.

ನನ್ನ ಹಳೆ ಸೆಟ್ ಕಪಾಟಿನ ಮೇಲಿದೆ. ಮುಟ್ಟಿಲ್ಲ. ಏನಿದೆ ಆಡುವುದಕ್ಕೆ?

ಏಪ್ರಿಲ್ 6, ಭಾನುವಾರ

ಭಾವ ಫೋನ್ ಮಾಡಿ ಕಡ್ಡಿಗೆ ಕೊಟ್ಟರು. ಎಂಟು ದಿನ ಆಗಿತ್ತು ಧ್ವನಿ ಕೇಳಿ. ಸಮುದ್ರ ಕಾಣುತ್ತಾ ಅಂತ ಕೇಳಿದೆ. ಕಾಣುತ್ತೆ, ಒಂದು ಚೂರು, ನೀರಿನ ಟ್ಯಾಂಕ್ ಅಡ್ಡ ಬರುತ್ತೆ ಅಂದಳು. ಆಮೇಲೆ ತಡೆದು ತಡೆದು ಕೇಳಿದಳು.

"ಮೇಕೆಗೆ ಹುಲ್ಲು ಹಾಕಿದ್ಯಾ?"

ಇನ್ನೂ ಮರೆತಿಲ್ಲ, ಚುಚ್ಚಬೇಕೆಂದೇ ಕೇಳುತ್ತಿದ್ದಾಳೆ ಅಂದುಕೊಂಡೆ. "ಅದು ಹೋಯ್ತಲ್ಲ ಕಡ್ಡಿ" ಅಂದೆ.

"ಏನಿಲ್ಲ ಬಿಡು" ಅಂದಳು. ಫೋನ್ ಅಪ್ಪನಿಗೆ ಕೊಟ್ಟಳು.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆಯಿಂದ ಅದೇ ಮಾತು ಕಿವಿಯಲ್ಲಿ. ಚುಚ್ಚುವ ಧ್ವನಿ ಅಲ್ಲ ಅದು. ಜ್ವರ ಬಂದಾಗ ಮಲಗಿದಲ್ಲಿಂದ ಕೇಳುತ್ತಿದ್ದ ಧ್ವನಿ. ಎರಡು ಸ್ಕ್ರೀನ್ ಗಾರ್ಡ್ ಹಾಳು ಮಾಡಿದೆ. ಮೂರನೆಯದು ಕೈಯಲ್ಲಿರುವಾಗ ಎದ್ದುಬಿಟ್ಟೆ. ಮನೆಗೆ ಹೋಗಿ ಬರುತ್ತೇನೆ ಅಂತ ಕೂಗಿ ಹೇಳಿ ಓಡಿದೆ.

ಕಪಾಟಿನ ಮೇಲಿಂದ ನನ್ನ ಸೆಟ್ ತೆಗೆದೆ. ಸೆಟ್‌ನ ಬೆನ್ನಿಗೆ ಕ್ಯಾಸೆಟ್ ಸಿಕ್ಕಿಸಿತ್ತು. ಅದರ ಮೇಲೆ ಹೊಸ ಸ್ಟಿಕರ್. ಅಂಗಡಿಯದೇ, ನನ್ನ ಚೀಲದಿಂದ ತೆಗೆದದ್ದು. ಅವಳ ಅಕ್ಷರ ಈಗ ಎಷ್ಟು ಗುಂಡಗಿದೆ.

"ಚಿಕ್ಕಿಯದು, ಮುಟ್ಟಬೇಡಿ."

ಚಾರ್ಜ್ ಇರಲಿಲ್ಲ. ವೈರು ಸಿಕ್ಕಿಸಿ ನೆಲದ ಮೇಲೆ ಕೂತು ಆನ್ ಮಾಡಿದೆ. ಸಮುದ್ರ ಬಂತು. ಹೆಸರು ಕೇಳಲಿಲ್ಲ. "ಚಿಕ್ಕಿ, ಮತ್ತೆ ಬಂದಿರಾ" ಅಂತ ಬಂತು. ಆಡಿದ ಹೊತ್ತು ಹನ್ನೊಂದು ಗಂಟೆ ನಲವತ್ತು ನಿಮಿಷ. ಗೋಡೆಗೆ ಮುಖ ಮಾಡಿ ಕೂತದ್ದು ಇದಕ್ಕೆ. ಬನ್ನಿ ಹೋಗಿ ಅನ್ನುತ್ತ, ಸೌಂಡ್ ಆಫ್ ಮಾಡಿಕೊಂಡು, ಹನ್ನೊಂದು ಗಂಟೆ ನಲವತ್ತು ನಿಮಿಷ.

ಗೋಪುರ ಇಲ್ಲ. ಏಳು ಕಲ್ಲು ಜೋಡಿಸಿದ್ದಾಳೆ. ಒಂದು ಗುಡಿಸಲು, ಮುಂದೆ ಎರಡು ಸಾಲು ಹೂವು ಹಾಕಿದ್ದಳು. ಎಲ್ಲ ಒಣಗಿ ಕಂದು ಬಣ್ಣ. ಎಂಟು ದಿನ, ಒಂಬತ್ತು ದಿನ, ಯಾರೂ ನೀರು ಹಾಕಿಲ್ಲ. ಗಡಿಯಾರ ಮಾತ್ರ ಒಂದು ನಿಮಿಷವೂ ಹಿಂದೆ ಬಿದ್ದಿಲ್ಲ. ನಾನು ಹಾಕಿದ ಸೆಲ್. ಗಟ್ಟಿಯಾಗಿ ಬೆಸೆದಿದ್ದೇನೆ, ಹದಿನೈದು ವರ್ಷ ಬರುತ್ತದೆ.

ಬೇಲಿಯ ಹತ್ತಿರ ಒಂದು ಮರಿಮೇಕೆ. ಇನ್ನೂ ಗಡ್ಡ ಬಂದಿಲ್ಲ. ನನಗೆ ಬೆನ್ನು ಹಾಕಿ ನಿಂತಿತ್ತು. ಹತ್ತಿರ ಹೋದರೆ ತಲೆಯ ಮೇಲೆ ಹೆಸರು ಬರುತ್ತದೆ.

ಕಡ್ಡಿ.

ಅಂಗಡಿಗೆ ವಾಪಸ್ ಹೋಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಹುಲ್ಲು ಹಾಕಿದೆ. ತಿರುಗಲಿಲ್ಲ.

ಏಪ್ರಿಲ್ 9, ಬುಧವಾರ

ಹುಲ್ಲು ಹಾಕಿದೆ. ಒಣಗಿದ್ದನ್ನೆಲ್ಲ ಕಿತ್ತೆ.

ಏಪ್ರಿಲ್ 11, ಶುಕ್ರವಾರ

ಹುಲ್ಲು ಹಾಕಿದೆ. ಎಡಗಡೆ ಬಟನ್ ಕೆಟ್ಟಿರುವುದರಿಂದ ಎಡಕ್ಕೆ ಹೋಗಲು ಆಗುವುದಿಲ್ಲ, ಬಲಕ್ಕೇ ಇಡೀ ದ್ವೀಪ ಸುತ್ತಿ ಬೇಲಿಗೆ ಬರಬೇಕು. ಯಜಮಾನರು ಬಟನ್ ಹಾಕಿಕೊಡ್ತೀನಿ ತಾ ಅಂದರು. ಬೇಡ ಅಂದೆ. ಬಿಚ್ಚುವುದು ಬೇಡ.

ಮಗಳು ಸಂಜೆ ಹೊತ್ತಿಗೆ ಏನು ಮಾಡುತ್ತಿರುತ್ತಾಳೋ.

ಏಪ್ರಿಲ್ 13, ಭಾನುವಾರ

ಭಾವನ ಫೋನಿಗೆ ಕಾಯಲಿಲ್ಲ, ನಾನೇ ಮಾಡಿದೆ. ಅವರು ಹಲೋ ಅನ್ನುತ್ತಿದ್ದ ಹಾಗೇ ಹೇಳಿದೆ. "ರಜಕ್ಕೆ ಅವಳನ್ನ ಒಂದು ತಿಂಗಳು ಕಳಿಸಿ ಭಾವ. ವಾರಗೀರ ಆಗಲ್ಲ, ಒಂದು ತಿಂಗಳು. ನಾನೇ ಬಂದು ಕರ್ಕೊಂಡು ಬರ್ತೀನಿ." ಅವರು, ಯಾರು ಮಾತಾಡ್ತಿರೋದು ಅಂದರು. ನಾನೇ ಭಾವ ಅಂದೆ. ನೋಡೋಣ, ಅವಳೂ ಇಲ್ಲಿ ಹೊಂದಿಕೊಳ್ಳಬೇಕಲ್ಲ ಅಂದರು. ಅವರು ಹೇಳಿದ್ದೂ ಸರಿ.

ಕಡ್ಡಿ ಫೋನ್ ತೆಗೆದುಕೊಂಡಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಒಂಬತ್ತು ದಿನ ನಾನು ನೋಡಲೇ ಇಲ್ಲ ಕಣೇ. ಹೂವೆಲ್ಲ ಹೋಯ್ತು."

"ಮೇಕೆ?"

"ಬೆನ್ನು ಹಾಕಿತ್ತು. ಇವತ್ತು ಬೆಳಿಗ್ಗೆ ತಿರುಗಿತು."

"ಮುಖ ಹೇಗಿದೆ?"

"ಸಣಕಲು. ನಿನ್ನ ಥರಾನೇ."

ನಕ್ಕಳು. ಅವಳ ನಗು ಹಾಗೇ ಇದೆ, ಮೊದಲು ಮೂಗಿನಲ್ಲಿ ಶುರುವಾಗುತ್ತದೆ. ಏಳನೇ ಕಲ್ಲಿನ ಪಕ್ಕ ಎಂಟನೆಯದು ಇಡು, ಹಿಂದೆ ಇಡಬೇಡ, ಗೋಪುರ ಸೊಟ್ಟ ಆಗುತ್ತೆ ಅಂದಳು. ಇನ್ನೂ ಏನೋ ಹೇಳುತ್ತಿದ್ದಳು, ಆ ಕಡೆ ಪಾತ್ರೆಯ ಸದ್ದಾಯಿತು, ಯಾರೋ ಕರೆದರು.

"ಅಮ್ಮ ಊಟಕ್ಕೆ ಕರೀತಿದಾರೆ. ಇಡ್ಲಾ?"

ಅಕ್ಕ ಹೋದ ಮೇಲೆ, ಅಮ್ಮ ಅನ್ನುವ ಪದ ಅವಳ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು. ಆಗ ಚಿಕ್ಕವಳು, ಆ ಪದ ಮರೆತಳು, ನಾನೂ ನೆನಪಿಸಲಿಲ್ಲ. ಚಿಕ್ಕಿ ಅಂತಲೇ ಹೇಳಿಕೊಟ್ಟೆ. ಅಕ್ಕನ ಜಾಗ ಅಕ್ಕನಿಗೇ ಇರಲಿ ಅಂತ.

"ಹೋಗು, ಆರಿ ಹೋಗುತ್ತೆ" ಅಂದೆ.

ಫೋನ್ ಇಟ್ಟು, ಎಂಟನೇ ಕಲ್ಲನ್ನು ಅವಳು ಹೇಳಿದ ಕಡೆ ಇಟ್ಟೆ. ಬಲಕ್ಕೇ ಸುತ್ತಿ ಬೇಲಿಗೆ ಹೋದೆ. ಇವತ್ತಿನ ಹುಲ್ಲು ಬೆಳಿಗ್ಗೆಯೇ ಹಾಕಿ ಆಗಿತ್ತು. ಇನ್ನೊಂದು ಹಿಡಿ ಹಾಕಿದೆ.